ಬಾಣದ ಆಚೆ ಈಚೆ



ಹತ್ತನೇ ತರಗತಿಯ ವಿಜ್ಞಾನ ಪುಸ್ತಕ ತೆರೆದರೆ ಮೊದಲ ಅಧ್ಯಾಯವೇ ರಾಸಾಯನಿಕ ಕ್ರಿಯೆಗಳು ಮತ್ತು ಸಮೀಕರಣಗಳು. ಹೊಸ ಪುಸ್ತಕದ ವಾಸನೆ ಇನ್ನೂ ಹೋಗಿರುವುದಿಲ್ಲ, ಅಷ್ಟರಲ್ಲಿ ಒಂದು ಬಾಣದ ಗುರುತು, ಕೂಡುವ ಚಿಹ್ನೆ, ಇಂಗ್ಲಿಷ್ ಅಕ್ಷರಗಳು, ಅವುಗಳ ಮುಂದೊಂದು ಅಂಕೆ, ಕಾಲಬುಡದಲ್ಲಿ ಇನ್ನೊಂದು ಅಂಕೆ, ಎಲ್ಲ ಒಟ್ಟಿಗೆ ಮಕ್ಕಳ ಕಣ್ಣೆದುರು ಬಂದು ನಿಲ್ಲುತ್ತವೆ. ‘ಸಮೀಕರಣವನ್ನು ಸರಿದೂಗಿಸಿ’ ಎಂಬ ಪ್ರಶ್ನೆ ಅಲ್ಲಿಂದ ಪರೀಕ್ಷೆಯ ದಿನದವರೆಗೂ ಬೆನ್ನು ಬಿಡುವುದಿಲ್ಲ. ಚುರುಕಾದ ಮಕ್ಕಳು ಅಂಕೆಗಳನ್ನು ಅತ್ತಿತ್ತ ಇಟ್ಟು ಹೇಗೋ ಹೊಂದಿಸುತ್ತಾರೆ. ಉಳಿದವರು ಗೈಡು ನೋಡಿ ಬಾಯಿಪಾಠ ಮಾಡುತ್ತಾರೆ. ಇವರಲ್ಲಿ ಯಾರನ್ನೇ ನಿಲ್ಲಿಸಿ, ‘ಆ ಎರಡು ಯಾಕೆ ಅಲ್ಲಿದೆ? ಏನು ಎರಡು?’ ಎಂದು ಕೇಳಿ ನೋಡಿ. ಉತ್ತರ ತಡವರಿಸುತ್ತದೆ. ಇವತ್ತು ನಾನು ಮಾತಾಡಬೇಕೆಂದಿರುವುದು ಆ ಅಂಕೆಗಳ ಬಗ್ಗೆಯೇ. ತೂಗಿ, ಅಳೆದು, ತಲೆಮಾರುಗಳ ಕಾಲ ವಾದ ಮಾಡಿ ಮನುಷ್ಯರು ಅವನ್ನು ಕಂಡುಕೊಂಡಿದ್ದಾರೆ. ಮಕ್ಕಳಿಗೆ ಅದು ಗೊತ್ತಾಗಬೇಕು ಎಂಬುದು ನನ್ನ ಆಸೆ.

ರೇಡಿಯೊದಲ್ಲಿ ಕಪ್ಪುಹಲಗೆ ಇಲ್ಲ. ಕೈಗೆ ಒಂದು ಪೆನ್ಸಿಲ್ಲು, ಹಾಳೆ ಸಿಕ್ಕರೆ ತೆಗೆದುಕೊಳ್ಳಿ. ಹೇಳುತ್ತಾ ಹೋದಂತೆ ಬರೆದುಕೊಳ್ಳಬಹುದು.

ಪಾಠದ ಮೊದಲ ಚಟುವಟಿಕೆ ಮೆಗ್ನೀಷಿಯಂ ಪಟ್ಟಿಯನ್ನು ಉರಿಸುವುದು. ಪಟ್ಟಿಯನ್ನು ಮರಳುಕಾಗದದಿಂದ ಉಜ್ಜಿ, ಇಕ್ಕಳದಲ್ಲಿ ಹಿಡಿದು ದೀಪಕ್ಕೆ ಒಡ್ಡಿದರೆ ಕಣ್ಣು ಕೋರೈಸುವ ಬೆಳಕು. ಆರಿದ ಮೇಲೆ ಗಾಜಿನ ತಟ್ಟೆಯಲ್ಲಿ ಬಿಳಿ ಪುಡಿ. ಮೆಗ್ನೀಷಿಯಂ ಗಾಳಿಯಲ್ಲಿನ ಆಕ್ಸಿಜನ್ ಜೊತೆ ಸೇರಿ ಮೆಗ್ನೀಷಿಯಂ ಆಕ್ಸೈಡ್ ಆಯಿತು. ಇದನ್ನು ಬರೆಯೋಣ. ಬಾಣದ ಎಡಕ್ಕೆ ಮೆಗ್ನೀಷಿಯಂ ಪರಮಾಣು ಒಂದು, ಆಕ್ಸಿಜನ್ ಅಣು ಒಂದು. ಗಾಳಿಯಲ್ಲಿ ಆಕ್ಸಿಜನ್ ಪರಮಾಣುಗಳು ಒಂಟಿಯಾಗಿ ಇರುವುದಿಲ್ಲ, ಜೋಡಿಯಾಗಿರುತ್ತವೆ. ಅದಕ್ಕೇ ಓ-ಟು ಎನ್ನುತ್ತೇವೆ. ಬಾಣದ ಬಲಕ್ಕೆ ಮೆಗ್ನೀಷಿಯಂ ಆಕ್ಸೈಡ್, ಅದರಲ್ಲಿ ಎರಡು ಧಾತುಗಳ ಪರಮಾಣುಗಳೂ ಒಂದೊಂದು. ಈಗ ಎಣಿಸಿ. ಎಡಕ್ಕೆ ಆಕ್ಸಿಜನ್ ಪರಮಾಣು ಎರಡು, ಬಲಕ್ಕೆ ಒಂದೇ. ಇನ್ನೊಂದು ಎಲ್ಲಿ ಹೋಯಿತು?

ಇಲ್ಲಿ ಎಷ್ಟೋ ಮಕ್ಕಳು ಆಕ್ಸೈಡಿನ ಕಾಲಬುಡಕ್ಕೆ ಒಂದು ಎರಡನ್ನು ಸೇರಿಸಿ ಮುಗಿಸಿಬಿಡುತ್ತಾರೆ. ಎರಡು ಕಡೆಯೂ ಎರಡೆರಡಾಯಿತಲ್ಲ, ಇನ್ನೇನು! ಲೆಕ್ಕವೇನೋ ಸರಿಯಾಯಿತು, ಆದರೆ ವಸ್ತುವೇ ಬೇರೆಯಾಯಿತು. ಎರಡು ಸೈಕಲ್ ಬೇಕು ಎಂದವನಿಗೆ ನಾಲ್ಕು ಚಕ್ರದ ಒಂದೇ ಸೈಕಲ್ ಮಾಡಿಕೊಟ್ಟ ಹಾಗೆ ಅದು. ಕಾಲಬುಡದ ಅಂಕೆ ವಸ್ತುವಿನ ಗುರುತು, ಅದನ್ನು ಮುಟ್ಟುವ ಅಧಿಕಾರ ನಮಗಿಲ್ಲ. ನೀರಿನ ಎಚ್-ಟು-ಓ ಸೂತ್ರಕ್ಕೆ ಇನ್ನೊಂದು ಆಕ್ಸಿಜನ್ ಸೇರಿಸಿದರೆ ಎಚ್-ಟು-ಓ-ಟು. ಅದು ಹೈಡ್ರೋಜನ್ ಪೆರಾಕ್ಸೈಡ್, ಗಾಯದ ಮೇಲೆ ಹಾಕಿದ ಕೂಡಲೇ ನೊರೆ ಏಳುವ, ಔಷಧದಂಗಡಿಯ ಸೀಸೆಯಲ್ಲಿರುವ ದ್ರವ. ಅದನ್ನು ಯಾರೂ ಬಾಯಾರಿಕೆಗೆ ಕುಡಿಯುವುದಿಲ್ಲ. ನಾವು ಬದಲಿಸಬಹುದಾದದ್ದು ಸೂತ್ರದ ಮುಂದೆ ನಿಲ್ಲುವ ಅಂಕೆಯನ್ನು, ಅಂದರೆ ಸಹಗುಣಕವನ್ನು ಮಾತ್ರ. ಅದು ಅಂಥ ಅಣುಗಳು ಎಷ್ಟು ಎಂದು ಹೇಳುತ್ತದೆ. ಆಕ್ಸೈಡ್ ಎರಡಾಗಲಿ, ಆಗ ಮೆಗ್ನೀಷಿಯಂ ಕೂಡ ಎರಡು ಬೇಕು. ಎರಡು ಮೆಗ್ನೀಷಿಯಂ, ಒಂದು ಆಕ್ಸಿಜನ್ ಅಣು, ಬಾಣ, ಎರಡು ಮೆಗ್ನೀಷಿಯಂ ಆಕ್ಸೈಡ್. ಇಷ್ಟೇ.

ಇದೇ ಸಮೀಕರಣ ಇನ್ನೂ ಒಂದು ಮಾತು ಹೇಳುತ್ತದೆ. 24 ಗ್ರಾಂ ಮೆಗ್ನೀಷಿಯಂ ಪೂರ್ತಿ ಉರಿದರೆ ಸಿಗುವ ಪುಡಿ 40 ಗ್ರಾಂ. ಉರಿದದ್ದು ಹಗುರವಾಗುತ್ತದೆ ಎಂದು ನಂಬಿಕೊಂಡಿರುವ ನಮಗೆ ಇದು ಆಶ್ಚರ್ಯ. ಸೌದೆ ಉರಿದು ಬೂದಿಯಾಗುವುದನ್ನು ನೋಡಿದ ಕಣ್ಣು ನಮ್ಮದು. ಹದಿನೆಂಟನೇ ಶತಮಾನದ ಯುರೋಪಿನ ರಸಾಯನಶಾಸ್ತ್ರಜ್ಞರನ್ನೂ ಕಾಡಿದ ಒಗಟು ಇದೇ. ಲೋಹವನ್ನು ಕಾಯಿಸಿ ಬೂದಿ ಮಾಡಿದರೆ ತೂಕ ಯಾಕೆ ಹೆಚ್ಚುತ್ತದೆ?

ಉತ್ತರ ಕೊಟ್ಟವನು ಪ್ಯಾರಿಸಿನ ಆಂಟ್ವಾನ್ ಲವಾಸಿಯೆ. 1774ರಲ್ಲಿ ಗಾಜಿನ ಪಾತ್ರೆಯೊಂದಕ್ಕೆ ತವರ ಹಾಕಿ, ಬಾಯಿ ಬೆಸೆದು, ತೂಗಿ, ಕಾಯಿಸಿದ. ತವರ ಬೂದಿಯಾದ ಮೇಲೆ ಪಾತ್ರೆಯನ್ನು ತೆರೆಯದೆ ಮತ್ತೆ ತೂಗಿದ. ತೂಕ ಬದಲಾಗಿರಲಿಲ್ಲ. ಪಾತ್ರೆಯ ಬಾಯಿ ತೆರೆದಾಗ ಹೊರಗಿನ ಗಾಳಿ ಸುಂಯ್ಯೆಂದು ಒಳನುಗ್ಗಿತು, ಆಗ ತೂಕ ಏರಿತು. ಅಂದರೆ ತವರಕ್ಕೆ ಸೇರಿದ್ದು ಪಾತ್ರೆಯೊಳಗೆ ಮೊದಲೇ ಇದ್ದ ಗಾಳಿಯ ಒಂದು ಪಾಲು. ಮುಚ್ಚಿದ ಪಾತ್ರೆಯಲ್ಲಿ ಏನೇ ನಡೆಯಲಿ, ಒಟ್ಟು ದ್ರವ್ಯರಾಶಿ ಕೂಡುವುದೂ ಇಲ್ಲ, ಕಳೆಯುವುದೂ ಇಲ್ಲ. 1789ರಲ್ಲಿ ಹೊರಬಂದ ತನ್ನ ಪುಸ್ತಕದಲ್ಲಿ ದ್ರಾಕ್ಷಿರಸ ಹುಳಿತು ಮದ್ಯವಾಗುವುದನ್ನು ವಿವರಿಸುವಾಗ ಆತ ಒಂದು ಕಡೆ ದ್ರಾಕ್ಷಿರಸ, ನಡುವೆ ಸಮ ಎಂಬ ಚಿಹ್ನೆ, ಇನ್ನೊಂದು ಕಡೆ ಕಾರ್ಬಾನಿಕ್ ಆಮ್ಲ ಮತ್ತು ಆಲ್ಕೋಹಾಲ್ ಎಂದು ಬರೆದ. ಬೀಜಗಣಿತದ ಸಮೀಕರಣದ ಹಾಗೆ ರಾಸಾಯನಿಕ ಕ್ರಿಯೆಯನ್ನೂ ಬರೆಯಬಹುದು ಎಂಬ ಆಲೋಚನೆ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆ ಪುಸ್ತಕಕ್ಕೆ ಉಪಕರಣಗಳ ಚಿತ್ರಗಳನ್ನು ಬರೆದುಕೊಟ್ಟವಳು ಆತನ ಹೆಂಡತಿ ಮರಿ-ಆನ್. ತೆರಿಗೆ ವಸೂಲಿಯ ಸಂಸ್ಥೆಯಲ್ಲಿ ಪಾಲುದಾರನಾಗಿದ್ದ ಕಾರಣಕ್ಕೆ ಫ್ರೆಂಚ್ ಕ್ರಾಂತಿಯ ಕಾಲದಲ್ಲಿ, 1794ರ ಮೇ 8ರಂದು, ಲವಾಸಿಯೆಯ ತಲೆ ಕಡಿದರು.

ದ್ರವ್ಯರಾಶಿ ಉಳಿಯುತ್ತದೆ ಎಂದು ತಿಳಿದರೆ ಸಾಲದು. ಎಷ್ಟು ಅಣುಗಳು, ಅಣುವಿನೊಳಗೆ ಎಷ್ಟು ಪರಮಾಣುಗಳು ಎಂದು ತಿಳಿಯದೆ ಸಹಗುಣಕ ಹುಟ್ಟುವುದಿಲ್ಲ. ಈ ಭಾಗ ನನಗೆ ಬಹಳ ಇಷ್ಟ, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಇಂಗ್ಲೆಂಡಿನ ಜಾನ್ ಡಾಲ್ಟನ್ 1808ರಲ್ಲಿ ತನ್ನ ಪರಮಾಣುವಾದದ ಗ್ರಂಥ ಪ್ರಕಟಿಸಿದ. ನೀರಿನಲ್ಲಿ ಒಂದು ಹೈಡ್ರೋಜನ್, ಒಂದು ಆಕ್ಸಿಜನ್ ಇರುತ್ತವೆ ಎಂಬುದು ಅವನ ಎಣಿಕೆ. ಬೇರೆ ಆಧಾರ ಇಲ್ಲದಿದ್ದಾಗ ಎಲ್ಲಕ್ಕಿಂತ ಸರಳವಾದದ್ದನ್ನೇ ಹಿಡಿಯೋಣ ಎಂಬುದು ಅವನ ನಿಯಮ. ಅವನ ಲೆಕ್ಕದಲ್ಲಿ ಸರಿದೂಗಿಸುವ ಕೆಲಸವೇ ಇಲ್ಲ, ಒಂದಕ್ಕೆ ಒಂದು ಸೇರಿ ಒಂದು. ಅದೇ ವರ್ಷ ಫ್ರಾನ್ಸಿನ ಗೇ-ಲುಸಾಕ್ ಅನಿಲಗಳ ಗಾತ್ರ ಅಳೆದು ಬೇರೆಯೇ ಸುದ್ದಿ ತಂದ. ಎರಡು ಪಾಲು ಹೈಡ್ರೋಜನ್, ಒಂದು ಪಾಲು ಆಕ್ಸಿಜನ್ ಸೇರಿದರೆ ಎರಡು ಪಾಲು ನೀರಾವಿ. ಡಾಲ್ಟನ್ ಇದನ್ನು ಒಪ್ಪಲಿಲ್ಲ. ಒಂದು ಪಾಲು ಆಕ್ಸಿಜನ್ ಎರಡು ಪಾಲು ನೀರಾವಿಯಲ್ಲಿ ಹಂಚಿಹೋಗಬೇಕಾದರೆ ಆಕ್ಸಿಜನ್ನಿನ ಪ್ರತಿಯೊಂದು ಕಣವೂ ಇಬ್ಭಾಗವಾಗಬೇಕು. ಒಡೆಯಲಾರದ್ದೇ ಪರಮಾಣು ಎಂದವನು ಇದನ್ನು ಹೇಗೆ ಒಪ್ಪುತ್ತಾನೆ? 1811ರಲ್ಲಿ ಇಟಲಿಯ ಅವೊಗಾಡ್ರೊ ದಾರಿ ತೋರಿಸಿದ. ಇಬ್ಭಾಗವಾಗುವುದು ಪರಮಾಣು ಅಲ್ಲ, ಎರಡು ಪರಮಾಣುಗಳ ಜೋಡಿಯಾದ ಅಣು. ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಸಮ ಗಾತ್ರದ ಅನಿಲಗಳಲ್ಲಿ ಅಣುಗಳ ಸಂಖ್ಯೆ ಸಮ. ಎಲ್ಲ ಗಂಟೂ ಬಿಚ್ಚಿಕೊಳ್ಳುವ ಮಾತು ಅದು. ಆದರೆ ಹೆಚ್ಚು ಜನ ಕಿವಿಗೊಡಲಿಲ್ಲ. ಸ್ವೀಡನ್ನಿನ ಬರ್ಜೀಲಿಯಸ್ ಮುಂದಿನ ಕೆಲವೇ ವರ್ಷಗಳಲ್ಲಿ ಧಾತುಗಳಿಗೆ ಅಕ್ಷರದ ಸಂಕೇತ ಕೊಟ್ಟ. ಅಕ್ಷರ ಬಂದರೂ ಅಂಕೆಗಳ ಗೊಂದಲ ತೀರಲಿಲ್ಲ, ಒಂದೇ ವಸ್ತುವಿಗೆ ಒಬ್ಬೊಬ್ಬರು ಒಂದೊಂದು ಸೂತ್ರ ಬರೆಯುತ್ತಿದ್ದರು. 1860ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕಾರ್ಲ್‌ಸ್ರೂ ಊರಿನಲ್ಲಿ ರಸಾಯನಶಾಸ್ತ್ರಜ್ಞರು ಸಭೆ ಸೇರಿದ್ದೇ ಈ ಗೊಂದಲಕ್ಕಾಗಿ. ಅಲ್ಲಿ ಇಟಲಿಯ ಕನ್ನಿಟ್ಸಾರೊ ಅವೊಗಾಡ್ರೊನ ವಾದವನ್ನು ಎತ್ತಿಹಿಡಿದ. ಅವನ ಕಿರುಪುಸ್ತಕ ಅಲ್ಲಿ ಕೈಯಿಂದ ಕೈಗೆ ಹೋಯಿತು. ಆ ಸಭೆಯಲ್ಲಿದ್ದವರಲ್ಲಿ, ಮುಂದೆ ಆವರ್ತಕ ಕೋಷ್ಟಕ ರಚಿಸಿದ ಮೆಂಡಲೀವ್ ಕೂಡ ಒಬ್ಬ.

ಎರಡು ಎಚ್-ಟು, ಒಂದು ಓ-ಟು, ಬಾಣ, ಎರಡು ಎಚ್-ಟು-ಓ. ನಮ್ಮ ಮಕ್ಕಳು ಒಂದೇ ಗೆರೆಯಲ್ಲಿ ಬರೆದು ಮುಗಿಸುವ ಈ ಸಮೀಕರಣದ ಮೇಲೆ ಒಮ್ಮತ ಮೂಡಲು ಅರ್ಧ ಶತಮಾನ ಹಿಡಿಯಿತು. ಇದನ್ನು ತರಗತಿಯಲ್ಲಿ ಹೇಳದೆ ಇದ್ದರೆ ಮಕ್ಕಳಿಗೆ ಆ ಎರಡರ ಬೆಲೆ ತಿಳಿಯುವ ದಾರಿ ಇಲ್ಲ.

ಕಣ್ಣಿಗೆ ತೋರಿಸುವ ದಾರಿಯೂ ಉಂಟು, ಖರ್ಚೂ ಇಲ್ಲ. ಮನೆಯಲ್ಲಿ ಕಡಲೆಕಾಳು, ಹುಣಸೆಬೀಜ ಇದ್ದೇ ಇರುತ್ತವೆ. ಕಡಲೆಕಾಳು ಹೈಡ್ರೋಜನ್, ಹುಣಸೆಬೀಜ ಆಕ್ಸಿಜನ್ ಎಂದು ಇಟ್ಟುಕೊಳ್ಳಿ. ಒಂದು ಜೋಡಿ ಕಡಲೆಕಾಳು, ಒಂದು ಜೋಡಿ ಹುಣಸೆಬೀಜ ಮೇಜಿನ ಮೇಲಿಡಿ. ಎರಡು ಕಡಲೆಕಾಳಿನ ನಡುವೆ ಒಂದು ಹುಣಸೆಬೀಜ ಇಟ್ಟರೆ ನೀರಿನ ಒಂದು ಅಣು. ಒಂದು ಹುಣಸೆಬೀಜ ಒಂಟಿಯಾಗಿ ಉಳಿಯಿತು. ಅದನ್ನು ಎಸೆಯುವಂತಿಲ್ಲ, ನೀರಿನ ಅಣುವಿಗೆ ಅಂಟಿಸುವಂತೆಯೂ ಇಲ್ಲ. ಹಾಗಿದ್ದರೆ ಮಾಡುವುದೇನು? ಇನ್ನೊಂದು ಜೋಡಿ ಕಡಲೆಕಾಳು ತರಬೇಕು. ಹೈಡ್ರೋಜನ್ನಿನ ಮುಂದೆ ಎರಡು ಬಂದದ್ದು ಹೀಗೆ, ನೀರಿನ ಮುಂದೆ ಎರಡು ಬಂದದ್ದೂ ಹೀಗೆ. ಕೈಯಾರೆ ಒಮ್ಮೆ ಮಾಡಿದ ಮಗು ಕಾಲಬುಡದ ಅಂಕೆಗೆ ಮತ್ತೆ ಕೈ ಹಾಕುವುದು ಕಡಿಮೆ. ಶಾಲೆಯಲ್ಲಾದರೆ ಇನ್ನೂ ಒಂದು ಹೆಜ್ಜೆ ಹೋಗಬಹುದು. ಪಠ್ಯಪುಸ್ತಕದಲ್ಲೇ ಇರುವ ಪ್ರಯೋಗ: ಪ್ಲಾಸ್ಟಿಕ್ ಮಗ್ಗಿನ ತಳಕ್ಕೆ ಎರಡು ತೂತು ಕೊರೆದು, ರಬ್ಬರ್ ಬಿರಟೆಗಳಲ್ಲಿ ಕಾರ್ಬನ್ ಕಡ್ಡಿ ತೂರಿಸಿ, ನೀರು ತುಂಬಿ, ಕೆಲವು ಹನಿ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಹಾಕಿ, ಕಡ್ಡಿಗಳ ಮೇಲೆ ಪ್ರನಾಳ ಬೋರಲು ಹಾಕಿ 6 ವೋಲ್ಟ್ ಬ್ಯಾಟರಿ ಜೋಡಿಸುವುದು. ಗುಳ್ಳೆಗಳು ಏಳುತ್ತವೆ. ಒಂದು ಪ್ರನಾಳದಲ್ಲಿ ತುಂಬುವ ಅನಿಲದ ಗಾತ್ರ ಇನ್ನೊಂದರ ಹೆಚ್ಚುಕಡಿಮೆ ಎರಡರಷ್ಟು. ಎರಡರಷ್ಟು ಇರುವುದು ಹೈಡ್ರೋಜನ್. ಸಹಗುಣಕವನ್ನು ಸ್ಕೇಲು ಹಿಡಿದು ಅಳೆಯಬಹುದು ಎಂದು ಮಕ್ಕಳಿಗೆ ಗೊತ್ತಾಗುವ ಗಳಿಗೆ ಅದು. ದಯವಿಟ್ಟು ಶಿಕ್ಷಕರು ಈ ಪ್ರಯೋಗವನ್ನು ಚಿತ್ರದಲ್ಲಿ ಮಾತ್ರ ತೋರಿಸಿ ಬಿಡಬಾರದು.

ಇನ್ನು ಸರಿದೂಗಿಸುವ ರೀತಿ. ಕೆಂಪಗೆ ಕಾಯಿಸಿದ ಕಬ್ಬಿಣದ ಮೇಲೆ ನೀರಾವಿ ಹಾಯಿಸಿದರೆ ಕಬ್ಬಿಣದ ಒಂದು ಆಕ್ಸೈಡ್ ಮತ್ತು ಹೈಡ್ರೋಜನ್ ಬರುತ್ತವೆ. ಆ ಆಕ್ಸೈಡಿನಲ್ಲಿ ಮೂರು ಕಬ್ಬಿಣ, ನಾಲ್ಕು ಆಕ್ಸಿಜನ್. ಎಲ್ಲಕ್ಕಿಂತ ತುಂಬಿದ ಸೂತ್ರ ಯಾವುದೋ ಅಲ್ಲಿಂದ ಹೊರಡಿ, ಒಂಟಿ ಧಾತುವನ್ನು ಕೊನೆಗೆ ಇಟ್ಟುಕೊಳ್ಳಿ. ಆಕ್ಸೈಡಿಗೆ ನಾಲ್ಕು ಆಕ್ಸಿಜನ್ ಬೇಕು, ಅದು ಬರುವುದು ನೀರಿನಿಂದ ಮಾತ್ರ, ಆದ್ದರಿಂದ ನೀರು ನಾಲ್ಕು. ನಾಲ್ಕು ನೀರಿನಲ್ಲಿ ಎಂಟು ಹೈಡ್ರೋಜನ್ ಪರಮಾಣು, ಅಂದರೆ ನಾಲ್ಕು ಹೈಡ್ರೋಜನ್ ಅಣು. ಕಬ್ಬಿಣ ಮೂರು. ಕೆಲಸ ಮುಗಿಯಿತು. ನಂಬಿಕೆ ಬರದಿದ್ದರೆ ತೂಗಿ ನೋಡಿ. ಕಬ್ಬಿಣದ ಪರಮಾಣು ರಾಶಿ 56, ಮೂರಕ್ಕೆ 168. ನೀರಿನದು 18, ನಾಲ್ಕಕ್ಕೆ 72. ಒಟ್ಟು 240. ಆಚೆ ಆಕ್ಸೈಡ್ 232, ಹೈಡ್ರೋಜನ್ 8. ಅದೂ 240. ಲವಾಸಿಯೆಯ ತಕ್ಕಡಿ ಈ ಗೆರೆಯೊಳಗೇ ಇದೆ. ಪಿಯುಸಿಗೆ ಹೋದ ಮೇಲೆ ಎಲೆಕ್ಟ್ರಾನ್ ಎಣಿಸಿ ಸರಿದೂಗಿಸುವ ವಿಧಾನ ಬರುತ್ತದೆ, ಹೈಸ್ಕೂಲಿಗೆ ಈ ದಾರಿ ಸಾಕು.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಸರಿದೂಗಿದ ಮಾತ್ರಕ್ಕೆ ಸಮೀಕರಣ ನಿಜವಾಗುವುದಿಲ್ಲ. ಒಂದು ತಾಮ್ರ, ಎರಡು ಹೈಡ್ರೋಕ್ಲೋರಿಕ್ ಆಮ್ಲ, ಬಾಣ, ಒಂದು ಕಾಪರ್ ಕ್ಲೋರೈಡ್, ಒಂದು ಹೈಡ್ರೋಜನ್ ಅಣು ಎಂದು ಬರೆದರೆ ಎರಡೂ ಬದಿ ಚೆನ್ನಾಗಿ ಹೊಂದುತ್ತವೆ. ಆದರೆ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ತಾಮ್ರದ ಚೂರು ಹಾಕಿ ಕುಳಿತರೆ ಒಂದು ಗುಳ್ಳೆಯೂ ಏಳುವುದಿಲ್ಲ. ಹೈಡ್ರೋಜನ್ನನ್ನು ಆಮ್ಲದಿಂದ ಹೊರದೂಡುವ ಶಕ್ತಿ ತಾಮ್ರಕ್ಕಿಲ್ಲ. ಏನು ನಡೆಯುತ್ತದೆ ಎಂಬುದನ್ನು ಪ್ರಯೋಗ ಹೇಳಬೇಕು, ಎಷ್ಟು ಎಂಬುದನ್ನು ಸಮೀಕರಣ ಹೇಳುತ್ತದೆ. ಪ್ರಯೋಗಾಲಯಕ್ಕೆ ಬೀಗ ಹಾಕಿಟ್ಟು ಸಮೀಕರಣ ಕಲಿಸುವುದು ಸರಿಯಲ್ಲ ಎಂದು ನಾನು ಹೇಳುವುದು ಇದಕ್ಕೇ.

ಈಗ ಅಡುಗೆಮನೆಗೆ ಬರೋಣ. ಮನೆಗೆ ಬರುವ ಸಿಲಿಂಡರಿನಲ್ಲಿ 14.2 ಕೆ.ಜಿ. ಅನಿಲ ಇರುತ್ತದೆ. ಅದು ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಲೆಕ್ಕ ಸುಲಭವಾಗಲೆಂದು ಎಲ್ಲವೂ ಬ್ಯೂಟೇನ್ ಎಂದುಕೊಳ್ಳೋಣ, ಪ್ರೊಪೇನ್ ಇದ್ದರೂ ಉತ್ತರ ಬಹಳ ಬದಲಾಗುವುದಿಲ್ಲ. ಬ್ಯೂಟೇನ್ ಅಣುವಿನಲ್ಲಿ ನಾಲ್ಕು ಕಾರ್ಬನ್, ಹತ್ತು ಹೈಡ್ರೋಜನ್. ಚೆನ್ನಾಗಿ ಉರಿದರೆ ನಾಲ್ಕು ಕಾರ್ಬನ್ ಡೈಆಕ್ಸೈಡ್, ಐದು ನೀರು. ಆಚೆ ಬದಿಯಲ್ಲಿ ಆಕ್ಸಿಜನ್ ಪರಮಾಣು ಎಂಟು ಮತ್ತು ಐದು, ಹದಿಮೂರು. ಹದಿಮೂರು ಬೆಸಸಂಖ್ಯೆ, ಆಕ್ಸಿಜನ್ ಬರುವುದು ಜೋಡಿಯಾಗಿ. ಆರೂವರೆ ಅಣು ಎಂದು ಬರೆದುಕೊಳ್ಳಿ, ಆಮೇಲೆ ಎಲ್ಲವನ್ನೂ ಎರಡರಿಂದ ಗುಣಿಸಿ. ಎರಡು ಬ್ಯೂಟೇನ್, ಹದಿಮೂರು ಆಕ್ಸಿಜನ್, ಬಾಣ, ಎಂಟು ಕಾರ್ಬನ್ ಡೈಆಕ್ಸೈಡ್, ಹತ್ತು ನೀರು.

ಇದನ್ನು ಕಿಲೋಗ್ರಾಂಗೆ ತಿರುಗಿಸಿದರೆ, 14.2 ಕೆ.ಜಿ. ಅನಿಲ ಉರಿಯಲು ಸುಮಾರು 51 ಕೆ.ಜಿ. ಆಕ್ಸಿಜನ್ ಬೇಕು. ಉರಿದು ಬರುವುದು ಸುಮಾರು 43 ಕೆ.ಜಿ. ಕಾರ್ಬನ್ ಡೈಆಕ್ಸೈಡ್, 22 ಕೆ.ಜಿ. ನೀರಾವಿ. ಎರಡೂ ಬದಿಗೆ 65 ಕೆ.ಜಿ. ‘ಗ್ಯಾಸ್ ಮುಗೀತು’ ಎನ್ನುತ್ತೇವಲ್ಲ, ಮುಗಿದದ್ದು ಏನೂ ಇಲ್ಲ. ಅನಿಲ ತನ್ನ ತೂಕದ ಮೂರೂವರೆಪಟ್ಟು ಆಕ್ಸಿಜನ್ ಕೂಡಿಕೊಂಡು ಕಿಟಕಿಯಿಂದ ಹೊರಗೆ ಹೋಗಿದೆ. ಆ 51 ಕೆ.ಜಿ. ಆಕ್ಸಿಜನ್ ಸಿಗಬೇಕಾದರೆ ಸುಮಾರು 220 ಕೆ.ಜಿ. ಗಾಳಿ ಬೇಕು. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಆರೇಳು ಕೋಣೆಗಳಲ್ಲಿ ಹಿಡಿಸುವ ಗಾಳಿ ಅದು.

ಆ ಹದಿಮೂರು ಸಿಗದೆ ಹೋದರೆ? ಗಾಳಿ ಸಾಲದಿದ್ದರೆ ಬ್ಯೂಟೇನ್ ಇನ್ನೊಂದು ಬಗೆಯಲ್ಲಿ ಉರಿಯುತ್ತದೆ. ಎರಡು ಬ್ಯೂಟೇನ್, ಒಂಬತ್ತು ಆಕ್ಸಿಜನ್, ಬಾಣ, ಎಂಟು ಕಾರ್ಬನ್ ಮಾನಾಕ್ಸೈಡ್, ಹತ್ತು ನೀರು. ಇನ್ನೂ ಕಡಿಮೆಯಾದರೆ ಎರಡು ಬ್ಯೂಟೇನ್, ಐದು ಆಕ್ಸಿಜನ್, ಬಾಣ, ಎಂಟು ಬರೀ ಕಾರ್ಬನ್, ಹತ್ತು ನೀರು. ಮೂರನ್ನೂ ಒಂದರ ಕೆಳಗೊಂದು ಬರೆದು ನೋಡಿ. ಹದಿಮೂರು, ಒಂಬತ್ತು, ಐದು. ನೀರು ಮೂರರಲ್ಲೂ ಹತ್ತೇ. ಹೈಡ್ರೋಜನ್ ತನ್ನ ಪಾಲಿನ ಆಕ್ಸಿಜನ್ ತೆಗೆದುಕೊಂಡೇ ಬಿಡುತ್ತದೆ, ಕೊರತೆ ಬೀಳುವುದು ಕಾರ್ಬನ್ನಿಗೆ. ನಿಜವಾದ ಜ್ವಾಲೆಯಲ್ಲಿ ಈ ಮೂರೂ ಬೆರೆತು ನಡೆಯಬಹುದು. ಬರ್ನರಿನ ತೂತು ಕಟ್ಟಿಕೊಂಡು ಉರಿ ಹಳದಿಯಾಗಿ ಪಾತ್ರೆಯ ತಳ ಕಪ್ಪಾಗುತ್ತದಲ್ಲ, ಆ ಮಸಿ ಮೂರನೇ ಸಮೀಕರಣದ ಕಾರ್ಬನ್. ಅದು ಕಣ್ಣಿಗೆ ಕಾಣುತ್ತದೆ, ಉಜ್ಜಿದರೆ ಹೋಗುತ್ತದೆ. ಎರಡನೇ ಸಮೀಕರಣದ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಕ್ಸಿಜನ್ನಿಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಉಸಿರಾಡುವವನಿಗೆ ತಲೆನೋವು, ತಲೆಸುತ್ತು, ಆಮೇಲೆ ಪ್ರಜ್ಞೆ ತಪ್ಪುತ್ತದೆ.

ಬೆಂಗಳೂರಿನಂಥ ಊರುಗಳಲ್ಲಿ ಗ್ಯಾಸ್ ಗೀಸರ್ ಹಾಕಿದ ಬಚ್ಚಲುಮನೆಯಲ್ಲಿ ಸ್ನಾನಕ್ಕೆ ಹೋದವರು ಹೊರಗೆ ಬಾರದೆ ಹೋದ ಸುದ್ದಿಗಳನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಐದಡಿಗೆ ಆರಡಿ, ಎಂಟಡಿ ಎತ್ತರದ ಬಚ್ಚಲುಮನೆಯ ಗಾಳಿಯಲ್ಲಿರುವ ಆಕ್ಸಿಜನ್ ಎರಡು ಕೆ.ಜಿ.ಗಿಂತ ಸ್ವಲ್ಪ ಕಡಿಮೆ. ಕಾಲು ಕೆ.ಜಿ. ಅನಿಲ ಪೂರ್ತಿ ಉರಿಯಲು ಸುಮಾರು 900 ಗ್ರಾಂ ಆಕ್ಸಿಜನ್ ಬೇಕು, ಅಂದರೆ ಆ ಕೋಣೆಯಲ್ಲಿರುವುದರ ಅರ್ಧದಷ್ಟು. ಅಷ್ಟು ಆಗುವುದಕ್ಕೆ ಬಹಳ ಮೊದಲೇ ಉರಿ ಕೆಡುತ್ತದೆ, ಹದಿಮೂರರ ಸಮೀಕರಣ ಬಿಟ್ಟು ಒಂಬತ್ತರ ಕಡೆಗೆ ಜಾರತೊಡಗುತ್ತದೆ. ಕಿಟಕಿ ಮುಚ್ಚಿ, ಬಾಗಿಲಿಗೆ ಅಗುಳಿ ಹಾಕಿ ಒಳಗಿರುವವರಿಗೆ ಇದು ಗೊತ್ತಾಗುವುದಿಲ್ಲ.

ನಿಮ್ಮ ಮನೆಯಲ್ಲಿ ಗ್ಯಾಸ್ ಗೀಸರ್ ಇದ್ದರೆ ಅದನ್ನು ಬಚ್ಚಲುಮನೆಯ ಹೊರಗೆ, ಗಾಳಿಯಾಡುವ ಕಡೆ ಹಾಕಿಸಿ. ಸದ್ಯಕ್ಕೆ ಆಗದಿದ್ದರೆ ಮೊದಲು ಬಕೆಟ್ಟಿಗೆ ನೀರು ತುಂಬಿಸಿ, ಗೀಸರ್ ಆರಿಸಿ, ಬಾಗಿಲು ಕಿಟಕಿ ತೆರೆದಿಟ್ಟು ಗಾಳಿ ಬದಲಾದ ಮೇಲೆ ಸ್ನಾನಕ್ಕೆ ಹೋಗಿ. ವೆಂಟಿಲೇಟರಿಗೆ ರಟ್ಟು, ಬಟ್ಟೆ ತುರುಕಿದ್ದರೆ ಇವತ್ತೇ ತೆಗೆಯಿರಿ. ಹತ್ತನೇ ತರಗತಿಯ ಮಕ್ಕಳೇ, ಈ ಮೂರು ಸಮೀಕರಣಗಳನ್ನು ಬರೆದು, ಹದಿಮೂರು, ಒಂಬತ್ತು, ಐದು ಎಂದರೆ ಏನೆಂದು ಮನೆಯವರಿಗೆಲ್ಲ ಬಿಡಿಸಿ ಹೇಳಿ.